ರಾಜಧಾನಿಯೊಳಗಿನ ಊರಿನ ಸ್ಮಾರಕ: ವಾಷಿಂಗ್ಟನ್ನಿನ ಒಂದು ವಾದ್ಯಮಂಟಪದ ಪ್ರಕರಣ

ವಾಷಿಂಗ್ಟನ್ ನಗರದ ವೆಸ್ಟ್ ಪೊಟೋಮ್ಯಾಕ್ ಉದ್ಯಾನದಲ್ಲಿ, ಲಿಂಕನ್ ಸ್ಮಾರಕದ ಮುಂದಿರುವ ಉದ್ದನೆಯ ಕೊಳದ ದಕ್ಷಿಣಕ್ಕೆ, ಇಂಡಿಪೆಂಡೆನ್ಸ್ ಅವೆನ್ಯೂ ರಸ್ತೆಯ ಪಕ್ಕದ ತೋಪಿನಲ್ಲಿ ಬಿಳಿ ಅಮೃತಶಿಲೆಯ ಒಂದು ದುಂಡು ಮಂಟಪವಿದೆ. ನಾಲ್ಕು ಅಡಿ ಎತ್ತರದ ಜಗತಿ, ಅದರ ಮೇಲೆ ಹನ್ನೆರಡು ಕಂಬ, ಕಂಬಗಳ ಮೇಲೆ ಗುಮ್ಮಟ. ಒಳಗೆ ಪ್ರತಿಮೆಯಿಲ್ಲ, ಸಮಾಧಿಯಿಲ್ಲ, ನಂದಾದೀಪವೂ ಇಲ್ಲ. ಮೊದಲ ಸಲ ನೋಡಿದವರಿಗೆ ದೇವರನ್ನು ಪ್ರತಿಷ್ಠಾಪಿಸಲು ಮರೆತ ಗುಡಿಯಂತೆ ಕಂಡರೆ ಆಶ್ಚರ್ಯವಿಲ್ಲ. ಆ ಜಾಗವನ್ನು ಬೇಕೆಂದೇ ಖಾಲಿ ಬಿಟ್ಟಿದ್ದರು. ಅಲ್ಲಿ ಕೂರಬೇಕಾದವರು ವಾದ್ಯಗಾರರು.

ಇದರ ಅಧಿಕೃತ ಹೆಸರು ಡಿಸ್ಟ್ರಿಕ್ಟ್ ಆಫ್ ಕೊಲಂಬಿಯಾ ಯುದ್ಧ ಸ್ಮಾರಕ. ಮೊದಲನೆಯ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದ ವಾಷಿಂಗ್ಟನ್ ನಿವಾಸಿಗಳ ನೆನಪಿಗೆ ಆ ಊರಿನವರೇ ಹಣ ಕೂಡಿಸಿ ಕಟ್ಟಿಸಿದ ಬ್ಯಾಂಡ್‌ಸ್ಟ್ಯಾಂಡ್ ಇದು. ಬ್ಯಾಂಡ್‌ಸ್ಟ್ಯಾಂಡ್ ಎಂದೊಡನೆ ನಮಗೆ ಬೆಂಗಳೂರಿನ ಕಬ್ಬನ್ ಪಾರ್ಕಿನ ಮಂಟಪ ನೆನಪಾಗುತ್ತದೆ. ಬ್ರಿಟಿಷರ ಕಾಲದಲ್ಲಿ ಸೈನ್ಯದ ಬ್ಯಾಂಡು ನುಡಿಸಲೆಂದು, ವಾಯುವಿಹಾರಕ್ಕೆ ಬಂದವರು ಕೇಳಲೆಂದು ಅದು ಎದ್ದಿತು. ವಾಷಿಂಗ್ಟನ್ನಿನದೂ ಅದೇ ಕುಲದ ಕಟ್ಟಡ. ಆದರೆ ಸಂಗೀತದ ಜೊತೆಗೆ ಸತ್ತವರ ನೆನಪನ್ನೂ ಹೊರುವ ಕೆಲಸವನ್ನು ಅದಕ್ಕೆ ವಹಿಸಲಾಯಿತು. ತೊಂಬತ್ತು ವರ್ಷಗಳಲ್ಲಿ ಅದು ಕಂಡ ಮೆರವಣಿಗೆ, ಮರೆವು, ದುರಸ್ತಿ ಮತ್ತು ಹೆಸರಿನ ಜಗಳಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಎಲ್ಲದರ ಬೇರೂ ಒಂದೇ ಕಡೆ ಇದೆ ಎಂಬುದು ನನ್ನ ಅಭಿಪ್ರಾಯ: ಊರೊಂದು ತನ್ನ ಮನೆಯ ಸಾವುಗಳ ಸ್ಮಾರಕವನ್ನು ದೇಶದ ಅಂಗಳದಲ್ಲಿ ಕಟ್ಟಬೇಕಾಗಿ ಬಂದದ್ದು.

ಊರಿಗೆ ಸ್ಮಾರಕ ಬೇಕೆನಿಸಿದಾಗ

ವಾಷಿಂಗ್ಟನ್ ದೇಶದ ರಾಜಧಾನಿಯೂ ಹೌದು, ಜನ ಹುಟ್ಟಿ ಬೆಳೆದು ಸಂಸಾರ ನಡೆಸುವ ಊರೂ ಹೌದು. ರಾಜಧಾನಿಯ ಸಂಗತಿ ಎಲ್ಲರಿಗೂ ಗೊತ್ತು. ಊರಿನ ಪಾಡು ಗೊತ್ತಿರುವವರು ಕಡಿಮೆ. ಅದು ಯಾವ ರಾಜ್ಯಕ್ಕೂ ಸೇರದ, ಡಿಸ್ಟ್ರಿಕ್ಟ್ ಆಫ್ ಕೊಲಂಬಿಯಾ ಎಂಬ ಜಿಲ್ಲೆಯಾದ್ದರಿಂದ ಅಲ್ಲಿನ ನಿವಾಸಿಗಳಿಗೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಕಾನೂನಿನ ಮೇಲೆ ಮತ ಹಾಕಬಲ್ಲ ಪ್ರತಿನಿಧಿ ಆಗ ಇರಲಿಲ್ಲ, ಇಂದಿಗೂ ಇಲ್ಲ. ಅಧ್ಯಕ್ಷರ ಚುನಾವಣೆಯಲ್ಲಿ ಮತದಾನದ ಹಕ್ಕು ದೊರೆತದ್ದೂ 1961ರ ಸಂವಿಧಾನ ತಿದ್ದುಪಡಿಯಿಂದ. 1917ರ ಏಪ್ರಿಲ್ 6ರಂದು ಜರ್ಮನಿಯ ಮೇಲೆ ಯುದ್ಧ ಘೋಷಣೆಯಾದಾಗ ಆ ನಿರ್ಣಯದ ಪರವಾಗಿಯಾಗಲಿ ವಿರುದ್ಧವಾಗಿಯಾಗಲಿ ಮತ ಹಾಕಲು ಆ ಊರಿನವರು ಆರಿಸಿ ಕಳಿಸಿದ ಒಬ್ಬ ಸದಸ್ಯನೂ ಸಭೆಯಲ್ಲಿರಲಿಲ್ಲ. ಕಡ್ಡಾಯ ಸೈನಿಕ ಭರ್ತಿಯ ಕಾನೂನು ಮಾತ್ರ ಉಳಿದೆಲ್ಲರಂತೆ ಅವರಿಗೂ ಅನ್ವಯಿಸಿತು. ಯುದ್ಧಕಾಲದಲ್ಲಿ ಸೇವೆಗೆ ಹೋದ ವಾಷಿಂಗ್ಟನ್ ನಿವಾಸಿಗಳ ಸಂಖ್ಯೆ 26,048. 1920ರ ಜನಗಣತಿಯಂತೆ ಊರಿನ ಜನಸಂಖ್ಯೆ 4,37,571. ಮುದುಕರು ಮಕ್ಕಳೆಲ್ಲ ಸೇರಿ ಸುಮಾರು ಹದಿನೇಳು ಜನರಿಗೆ ಒಬ್ಬರು ಸಮವಸ್ತ್ರ ತೊಟ್ಟಿದ್ದರು. ಅವರಲ್ಲಿ 499 ಮಂದಿ ಹಿಂದಿರುಗಲಿಲ್ಲ.

ಯುದ್ಧ ಮುಗಿದ ಮೇಲೆ ಅಮೆರಿಕದ ಊರೂರಲ್ಲಿ ಸ್ಮಾರಕಗಳು ಎದ್ದವು. ತಮ್ಮ ಚೌಕದಲ್ಲಿ, ತಮ್ಮ ಪುರಸಭೆಯ ಜಾಗದಲ್ಲಿ, ತಮಗೆ ತೋಚಿದಂತೆ ಜನ ಕಟ್ಟಿಕೊಂಡರು. ವಾಷಿಂಗ್ಟನ್ನಿಗೆ ಆ ಸ್ವಾತಂತ್ರ್ಯವಿರಲಿಲ್ಲ. ನಗರದ ಆಡಳಿತ ನಡೆಸುತ್ತಿದ್ದವರು ಅಧ್ಯಕ್ಷರಿಂದ ನೇಮಕಗೊಂಡ ಮೂವರು ಕಮಿಷನರುಗಳು. ದೊಡ್ಡ ಉದ್ಯಾನಗಳ ನೆಲ ಕೇಂದ್ರ ಸರ್ಕಾರದ್ದು. ತನ್ನ ಮಕ್ಕಳ ನೆನಪಿಗೆ ಕಲ್ಲು ನೆಡಲೂ ಊರು ಕಾಂಗ್ರೆಸ್ಸಿನ ಮುಂದೆ ಕೈಕಟ್ಟಿ ನಿಲ್ಲಬೇಕಾಯಿತು. 1924ರ ಜೂನ್ 7ರ ಕಾಯಿದೆ ಪೊಟೋಮ್ಯಾಕ್ ಉದ್ಯಾನದಲ್ಲಿ ಸ್ಮಾರಕಕ್ಕೆ ಅನುಮತಿ ನೀಡಿತು. ಹಣ ಬಂದದ್ದು ಊರಿನ ಸಂಘಸಂಸ್ಥೆಗಳಿಂದ ಮತ್ತು ಸಾಮಾನ್ಯ ನಾಗರಿಕರ ವಂತಿಗೆಯಿಂದ. ಕಾಯಿದೆಯಾದ ಏಳು ವರ್ಷಗಳ ಮೇಲೆ, 1931ರ ವಸಂತದಲ್ಲಿ ಕೆಲಸ ಶುರುವಾಯಿತು.

ಆ ಉದ್ಯಾನದ ನೆಲದ ವಿಷಯವನ್ನು ಇಲ್ಲೇ ಹೇಳಬೇಕು, ಮುಂದೆ ಅದು ಬೇಕಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಅಲ್ಲಿ ನೆಲವೇ ಇರಲಿಲ್ಲ. ಪೊಟೋಮ್ಯಾಕ್ ನದಿಯ ಕೆಸರು ಬಯಲಿತ್ತು. 1880ರ ದಶಕದಿಂದ ನದಿಯ ಹೂಳನ್ನೆತ್ತಿ ಸುರಿದು ಮಾಡಿದ ತಗ್ಗು ಪ್ರದೇಶದ ಮೇಲೆಯೇ ಲಿಂಕನ್ ಸ್ಮಾರಕವೂ ಈ ಮಂಟಪವೂ ನಿಂತಿವೆ.

ಕಲ್ಲೋ, ಉಪಯೋಗವೋ

1919ರ ನಂತರದ ಕೆಲವು ವರ್ಷ ಅಮೆರಿಕದಲ್ಲಿ ಸ್ಮಾರಕ ಹೇಗಿರಬೇಕೆಂಬ ಬಗ್ಗೆ ದೊಡ್ಡ ವಾದವೇ ನಡೆಯಿತು. ಅಂತರ್ಯುದ್ಧದ ತರುವಾಯ ಊರಿನ ಚೌಕಗಳಲ್ಲಿ ತುಂಬಿಕೊಂಡಿದ್ದ, ಬಂದೂಕಿಗೆ ಒರಗಿ ನಿಂತ ಸಿಪಾಯಿ ಪ್ರತಿಮೆಗಳನ್ನು ನೋಡಿ ಬೇಸತ್ತವರು, ಸತ್ತವರ ಹೆಸರಿನಲ್ಲಿ ಬದುಕಿರುವವರಿಗೆ ಉಪಯೋಗವಾಗುವ ಏನನ್ನಾದರೂ ಕಟ್ಟಬೇಕು, ಸಭಾಂಗಣ, ಸೇತುವೆ, ಆಟದ ಮೈದಾನ, ಆಸ್ಪತ್ರೆ ಯಾವುದಾದರೂ ಸರಿ ಎಂದರು. ಸಭಾಂಗಣಕ್ಕೆ ಹುತಾತ್ಮರ ಹೆಸರಿಟ್ಟರೆ ಹತ್ತು ವರ್ಷದಲ್ಲಿ ಜನ ಸಭಾಂಗಣವನ್ನಷ್ಟೇ ನೆನಪಿಡುತ್ತಾರೆ ಎಂಬುದು ಎದುರು ಪಕ್ಷದ ಉತ್ತರ. ಎರಡೂ ಮಾತಿನಲ್ಲಿ ಹುರುಳಿತ್ತು. ವಾದ್ಯಮಂಟಪ ಈ ಜಗಳದ ನಡುವಿನ ರಾಜಿ. ನುಡಿಸುವಾಗ ಅದು ವೇದಿಕೆ. ನುಡಿಸದಾಗ ಬರೀ ಕಲ್ಲಿನ ಸ್ಮಾರಕ. ಊರಿನ ಸಂಗೀತವೆಲ್ಲ ಸತ್ತವರಿಗೆ ಸಲ್ಲಿಸಿದ ಗೌರವವಾಗಿಬಿಡುತ್ತದೆ, ಬೇರೆ ಪೂಜೆ ಬೇಕಿಲ್ಲ ಎಂಬ ಲೆಕ್ಕ.

ವಿನ್ಯಾಸ ಫ್ರೆಡರಿಕ್ ಎಚ್. ಬ್ರೂಕ್ ಅವರದು, ಹೊರೇಸ್ ಪೀಸ್ಲಿ ಮತ್ತು ನೇಥನ್ ವೈಯತ್ ಸಹ-ವಾಸ್ತುಶಿಲ್ಪಿಗಳು. ಮೂವರೂ ವಾಷಿಂಗ್ಟನ್ನಿನಲ್ಲೇ ಕಸುಬು ನಡೆಸುತ್ತಿದ್ದವರು. ಶ್ವೇತಭವನದ ಮೊದಲ ಓವಲ್ ಆಫೀಸನ್ನು 1909ರಲ್ಲಿ ರೂಪಿಸಿದ್ದು ಇದೇ ವೈಯತ್. ಬ್ರೂಕ್ 1920ರ ದಶಕದ ಕೊನೆಯಲ್ಲಿ ವಾಷಿಂಗ್ಟನ್ನಿನ ಬ್ರಿಟಿಷ್ ರಾಯಭಾರ ಕಚೇರಿಯ ಕಟ್ಟಡಕ್ಕೆ ಸ್ಥಳೀಯ ವಾಸ್ತುಶಿಲ್ಪಿಯಾಗಿ ಎಡ್ವಿನ್ ಲ್ಯುಟೆನ್ಸ್ ಅವರ ಜೊತೆ ಕೆಲಸ ಮಾಡಿದ್ದರು. ನಮಗೆ ಲ್ಯುಟೆನ್ಸ್ ಪರಿಚಿತರು. ದೆಹಲಿಯ ಇಂಡಿಯಾ ಗೇಟ್ ಅವರದೇ, ಅದರ ಉದ್ಘಾಟನೆ 1931ರ ಫೆಬ್ರವರಿ 12ರಂದು ನಡೆಯಿತು. ಒಂದೇ ಯುದ್ಧಕ್ಕೆ, ಒಂದೇ ವರ್ಷದಲ್ಲಿ, ಎರಡು ರಾಜಧಾನಿಗಳಲ್ಲಿ ಎರಡು ಸ್ಮಾರಕ. ದೆಹಲಿಯದು 42 ಮೀಟರ್ ಎತ್ತರದ ಸಾಮ್ರಾಜ್ಯದ ಮಹಾದ್ವಾರ. ವಾಷಿಂಗ್ಟನ್ನಿನದು ಅದರ ಮೂರನೆಯ ಒಂದು ಭಾಗದಷ್ಟು, 47 ಅಡಿ ಎತ್ತರದ ಊರಿನ ಮಂಟಪ.

ಕಟ್ಟಡವನ್ನು ಬಹುತೇಕ ವರ್ಮಾಂಟ್ ರಾಜ್ಯದ ಅಮೃತಶಿಲೆಯಿಂದಲೇ ಕಟ್ಟಿದ್ದಾರೆ. ಕಂಬಗಳು ಗ್ರೀಕರ ಡೋರಿಕ್ ಶೈಲಿಯವು, ಒಂದೊಂದೂ 22 ಅಡಿ ಎತ್ತರ, ಮೈಯುದ್ದಕ್ಕೂ ಕೊರೆದ ಗೀರುಗಳು. ಸ್ವಲ್ಪ ದೂರದಲ್ಲೇ ಇರುವ ಲಿಂಕನ್ ಸ್ಮಾರಕದ ಕಂಬಗಳೂ ಡೋರಿಕ್ ಆದ್ದರಿಂದ ಎರಡೂ ಒಂದೇ ಮನೆತನದವರಂತೆ ತೋರುತ್ತವೆ, ಒಬ್ಬ ಯಜಮಾನ, ಇನ್ನೊಬ್ಬ ಕಿರಿಯ. ಜಗತಿಯ ವ್ಯಾಸ 43 ಅಡಿ 5 ಅಂಗುಲ. ಈ ಅಳತೆ ಅಲಂಕಾರಕ್ಕಾಗಿ ಹುಟ್ಟಿದ್ದಲ್ಲ. ಅಮೆರಿಕದ ಮರೀನ್ ಸೇನಾದಳದ ಎಂಬತ್ತು ಜನರ ಮರೀನ್ ಬ್ಯಾಂಡ್ ಪೂರ್ತಿಯಾಗಿ, ಕುರ್ಚಿ ಮತ್ತು ವಾದ್ಯಗಳ ಸಮೇತ ಹಿಡಿಸಬೇಕೆಂಬುದು ಆಗಿನ ಉದ್ದೇಶ. 1798ರಲ್ಲಿ ಸ್ಥಾಪನೆಯಾದ ಆ ಬ್ಯಾಂಡು ಅಧ್ಯಕ್ಷರ ಸ್ವಂತ ಬ್ಯಾಂಡೆಂದು ದೇಶಕ್ಕೆಲ್ಲ ಪ್ರಸಿದ್ಧ. ಆದರೆ ವಾಷಿಂಗ್ಟನ್ನಿಗರಿಗೆ ಅದು ತಮ್ಮೂರಿನ ಬ್ಯಾಂಡು, ಬೇಸಿಗೆಯ ಸಂಜೆ ಬಯಲಿನಲ್ಲಿ ಕುಳಿತು ಬಿಟ್ಟಿಯಾಗಿ ಕೇಳುವ ಬ್ಯಾಂಡು. ಬಯಲಿನಲ್ಲಿ ನುಡಿಸಿದ ಧ್ವನಿ ಮೇಲಕ್ಕೆ ಹೋಗಿ ಚೆದುರಿಹೋಗುತ್ತದೆ. ತಲೆಯ ಮೇಲೊಂದು ಗಟ್ಟಿ ಚಾವಣಿಯಿದ್ದರೆ ಅದು ಕೆಳಕ್ಕೂ ಹೊರಕ್ಕೂ ತಿರುಗಿ ಜನರನ್ನು ಮುಟ್ಟುತ್ತದೆ. ಧ್ವನಿವರ್ಧಕ ಬರುವ ಮೊದಲಿನ ಕಾಲದಲ್ಲಿ ವಾದ್ಯಮಂಟಪಗಳಿಗೆ ಮುಚ್ಚಿದ ಮೇಲ್ಭಾಗವೂ ತೆರೆದ ಪಕ್ಕಗಳೂ ಬಂದದ್ದು ಈ ಕಾರಣಕ್ಕೆ.

ಹೆಸರುಗಳ ಪ್ರದಕ್ಷಿಣೆ

ಸ್ಮಾರಕದ ಜೀವ ಗುಮ್ಮಟದಲ್ಲಿಲ್ಲ, ಕೆಳಗೆ ಜಗತಿಯ ಹೊರಮೈಯಲ್ಲಿದೆ. ಅಲ್ಲಿ, ಸೈನ್ಯದ ವಿವಿಧ ವಿಭಾಗಗಳನ್ನು ಸೂಚಿಸುವ ಲಾಂಛನಗಳ ಜೊತೆಗೆ, 499 ಹೆಸರುಗಳನ್ನು ಕೆತ್ತಿದ್ದಾರೆ. ಜಗತಿಯ ಎತ್ತರ ನಾಲ್ಕೇ ಅಡಿಯಾದ್ದರಿಂದ ಹೆಸರುಗಳು ಬೆಳೆದವರ ಕಣ್ಣಿಗೆ ನೇರವಾಗಿ ಸಿಗುವುದಿಲ್ಲ. ಓದಬೇಕಾದರೆ ಬೆನ್ನು ಬಗ್ಗಿಸಬೇಕು, ಸಾಲು ಕೆಳಗಿದ್ದರೆ ಕುಕ್ಕರುಗಾಲಿನಲ್ಲಿ ಕೂರಬೇಕು. ಏಳೆಂಟು ವರ್ಷದ ಮಗುವಿಗಾದರೆ ನಿಂತಲ್ಲೇ ಎಟುಕುತ್ತವೆ. ಹೆಸರುಗಳು ಅಕಾರಾದಿಯಾಗಿ ಇರುವುದರಿಂದ ಮೊದಲಿನಿಂದ ಕೊನೆಯವರೆಗೆ ಓದುವವರು ಮಂಟಪವನ್ನು ಒಂದು ಸುತ್ತು ಬರಲೇಬೇಕು, ಸುಮಾರು 136 ಅಡಿಯ ಸುತ್ತು. ವಾಸ್ತುಶಿಲ್ಪಿಗಳಿಗೆ ಪ್ರದಕ್ಷಿಣೆಯ ಕಲ್ಪನೆಯಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಕಟ್ಟಡ ಮಾಡಿಸುವುದು ಅದನ್ನೇ.

ಆ ಅಕಾರಾದಿಯಲ್ಲಿ ಇನ್ನೊಂದು ನಿರ್ಧಾರ ಅಡಗಿದೆ. ಹೆಸರುಗಳನ್ನು ಹುದ್ದೆಯ ಪ್ರಕಾರ ವಿಂಗಡಿಸಿಲ್ಲ, ಬಿಳಿಯರೆಂದೂ ಕರಿಯರೆಂದೂ ಬೇರ್ಪಡಿಸಿಲ್ಲ, ಹೆಂಗಸರಿಗೆ ಬೇರೆ ಪಟ್ಟಿ ಮಾಡಿಲ್ಲ. ಇದು ಈಗ ಸಹಜವಾಗಿ ಕಾಣಬಹುದು. ಆಗಿನ ವಾಷಿಂಗ್ಟನ್ ವರ್ಣಭೇದದ ಊರು. ಕರಿಯ ಸೈನಿಕರು ಪ್ರತ್ಯೇಕ ತುಕಡಿಗಳಲ್ಲಿ ಯುದ್ಧಕ್ಕೆ ಹೋಗಿದ್ದರು. ಅವರು ಮರಳಿ ಬಂದ ವರ್ಷವೇ, 1919ರ ಜುಲೈ ತಿಂಗಳಲ್ಲಿ, ಆ ಊರಿನ ಬೀದಿಗಳಲ್ಲಿ ಬಿಳಿಯರ ಗುಂಪುಗಳು ಕರಿಯರ ಮೇಲೆ ದಾಳಿ ಮಾಡಿ, ಹಲವು ದಿನ ಗಲಭೆ ನಡೆಯಿತು. 1922ರ ಮೇ 30ರಂದು, ಗುಲಾಮಗಿರಿಯನ್ನು ಕೊನೆಗಾಣಿಸಿದ ಲಿಂಕನ್ನರ ಸ್ಮಾರಕದ ಉದ್ಘಾಟನೆಯಲ್ಲಿಯೇ ಕರಿಯ ಅತಿಥಿಗಳನ್ನು ಬೇರೆ ಕೂರಿಸಿದ್ದರು. ಅಲ್ಲಿಂದ ಒಂದಿಷ್ಟು ದೂರದಲ್ಲಿ, ಒಂಬತ್ತು ವರ್ಷಗಳ ನಂತರ, ಸತ್ತವರನ್ನು ಒಂದೇ ಸಾಲಿನಲ್ಲಿ ಕೂರಿಸಲು ಊರಿಗೆ ಸಾಧ್ಯವಾಯಿತು. ಬದುಕಿರುವವರ ವಿಷಯದಲ್ಲಿ ಆ ಔದಾರ್ಯ ಬರಲು ಇನ್ನೂ ದಶಕಗಳು ಬೇಕಾದವು ಎಂಬುದನ್ನು ಮರೆತು ಈ ಸಾಲನ್ನು ಹೊಗಳುವುದು ಸರಿಯಲ್ಲ. ಆದರೂ, ಹುದ್ದೆಯಿಲ್ಲದೆ ಬರೀ ಹೆಸರುಗಳನ್ನು ಕಲ್ಲಿಗಿಳಿಸಿದ ಕೀರ್ತಿಯನ್ನು ಎಲ್ಲರೂ 1982ರ ವಿಯೆಟ್ನಾಂ ಸ್ಮಾರಕಕ್ಕೆ ಕೊಡುವಾಗ, ಅದೇ ಉದ್ಯಾನದಲ್ಲಿ ಅರ್ಧ ಶತಮಾನ ಮೊದಲೇ ಅದನ್ನು ಮಾಡಿದ್ದ ಈ ಮಂಟಪದ ಹೆಸರೆತ್ತದಿರುವುದೂ ಸರಿಯಲ್ಲ.

ಸತ್ತವರೆಲ್ಲರೂ ಕಂದಕಗಳಲ್ಲಿ ಗುಂಡಿಗೆ ಬಲಿಯಾದವರೆಂದು ತಿಳಿಯಬಾರದು. ಆ ಯುದ್ಧದಲ್ಲಿ ಅಮೆರಿಕ ಕಳೆದುಕೊಂಡ 1,16,516 ಮಂದಿಯಲ್ಲಿ ಹೋರಾಟದಲ್ಲೇ ಮಡಿದವರು 53,402; ಉಳಿದವರಲ್ಲಿ ಹೆಚ್ಚಿನವರನ್ನು ಕೊಂಡೊಯ್ದದ್ದು 1918ರ ಇನ್‌ಫ್ಲುಯೆಂಜಾ ಮತ್ತಿತರ ಕಾಯಿಲೆಗಳು. ದಾದಿಯರು, ನೌಕಾದಳದ ಕಚೇರಿಗಳಲ್ಲಿ ಗುಮಾಸ್ತೆಯರಾಗಿ ಸೇರಿದ ಹುಡುಗಿಯರು, ಶಿಬಿರದ ಹಾಸಿಗೆಯಲ್ಲೇ ಕಣ್ಣುಮುಚ್ಚಿದ ಸಿಪಾಯಿಗಳು, ಎಲ್ಲರದೂ ದೇಶಕ್ಕಾಗಿ ಆದ ಸಾವೆಂದೇ ಆ ಕಾಲ ಎಣಿಸಿತು.

ಬದುಕಿ ಬಂದವರನ್ನೂ ಊರು ಬಿಡಲಿಲ್ಲ. ಸೇವೆ ಸಲ್ಲಿಸಿದ 26,048 ಜನರ ಹೆಸರಿನ ಪಟ್ಟಿಯೊಂದನ್ನು ಅಡಿಗಲ್ಲಿನೊಳಗೆ ಇಟ್ಟು ಮುಚ್ಚಿದರು. ಹೊರಗೆ ಕಾಣುವ ಒಂದು ಹೆಸರಿಗೆ ಒಳಗೆ ಕಾಣದ ಐವತ್ತೆರಡು. ಮೇಲೆ ಕಂಬಗಳ ತಲೆಯ ಸುತ್ತ ಹರಿಯುವ ಪಟ್ಟಿಕೆಯಲ್ಲಿ ಡಿಸ್ಟ್ರಿಕ್ಟ್ ಆಫ್ ಕೊಲಂಬಿಯಾದವರ ನೆನಪಿಗೆ ಎಂಬ ಅರ್ಥದ ಮಾತಿದೆ. ಯುದ್ಧವನ್ನು ಮಹಾಯುದ್ಧ ಎಂದಷ್ಟೇ ಕರೆದಿದ್ದಾರೆ. ಮೊದಲನೆಯದು ಎಂದು ಎಣಿಸುವ ಅಗತ್ಯ 1931ರಲ್ಲಿ ಬಂದಿರಲಿಲ್ಲ.

ಊರಿನ ಹೆಸರು ಕಲ್ಲಿನ ಮೇಲಿರುವುದಕ್ಕೆ ನಾನು ಇಷ್ಟು ಒತ್ತು ಕೊಡಲು ಕಾರಣ ನಮ್ಮ ವೀರಗಲ್ಲುಗಳು. ಕೆರೆಯ ಏರಿಯ ಮೇಲೋ ಗುಡಿಯ ಪಕ್ಕದಲ್ಲೋ ನಿಂತ ಆ ಕಲ್ಲುಗಳಲ್ಲಿ ಸತ್ತವನ ಹೆಸರಿನ ಜೊತೆ ಯಾವ ಊರಿಗಾಗಿ, ಯಾವ ಕಾಳಗದಲ್ಲಿ ಎಂಬುದೂ ಇರುತ್ತದೆ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಸಾವಿರದ ನೂರು ವರ್ಷ ಹಿಂದಿನ ಕಲ್ಲಿನಲ್ಲಿ ಬೆಂಗಳೂರಿನ ಕಾಳಗದ ಮಾತು ಇಲ್ಲದಿದ್ದರೆ ಬೆಂಗಳೂರು ಎಂಬ ಹೆಸರು ಅಷ್ಟು ಹಳೆಯದೆಂದು ಹೇಳಲು ನಮ್ಮಲ್ಲಿ ಆಧಾರವಿರುತ್ತಿರಲಿಲ್ಲ. ಕಲ್ಲಿನಿಂದ ಊರಿನ ಹೆಸರು ಅಳಿಸಿದರೆ ಏನು ಹೋಗುತ್ತದೆಂಬ ಪ್ರಶ್ನೆ ಈ ಪ್ರಕರಣದಲ್ಲಿ ಮುಂದೆ ನಿಜವಾಗಿಯೇ ಎದುರಾಗುತ್ತದೆ.

1931ರ ನವೆಂಬರ್ 11

ಕದನವಿರಾಮದ ದಿನದಂದು ಅಧ್ಯಕ್ಷ ಹರ್ಬರ್ಟ್ ಹೂವರ್ ಸ್ಮಾರಕವನ್ನು ಲೋಕಾರ್ಪಣೆ ಮಾಡಿದರು. ಮರೀನ್ ಬ್ಯಾಂಡನ್ನು ನಡೆಸಲು ಬಂದವರು ಜಾನ್ ಫಿಲಿಪ್ ಸೂಸಾ. ದೇಶವೆಲ್ಲ ಅವರನ್ನು ಮೆರವಣಿಗೆ ಸಂಗೀತದ ಚಕ್ರವರ್ತಿಯೆಂದು ಕಂಡರೂ ಈ ಸ್ಮಾರಕದ ಮಟ್ಟಿಗೆ ಅವರು ಊರಿನ ಹುಡುಗ. ಹುಟ್ಟಿದ್ದು 1854ರಲ್ಲಿ ಅದೇ ವಾಷಿಂಗ್ಟನ್ನಿನಲ್ಲಿ, ಮರೀನ್ ದಳದ ಬ್ಯಾರಕ್ಕುಗಳಿಂದ ಸ್ವಲ್ಪ ದೂರದ ಮನೆಯಲ್ಲಿ. ತಂದೆ ಅದೇ ಬ್ಯಾಂಡಿನಲ್ಲಿ ಟ್ರಾಂಬೋನ್ ನುಡಿಸುತ್ತಿದ್ದರು. ಮಗ ಹದಿಮೂರನೆಯ ವಯಸ್ಸಿಗೆ ಅಲ್ಲೇ ಶಿಷ್ಯನಾಗಿ ಸೇರಿ, 1880ರಿಂದ 1892ರವರೆಗೆ ಅದರ ನಾಯಕನಾಗಿದ್ದರು. ಮಂಟಪದ ಉದ್ಘಾಟನೆಯಾದ ನಾಲ್ಕು ತಿಂಗಳೊಳಗೆ, 1932ರ ಮಾರ್ಚ್ 6ರಂದು ಅವರು ತೀರಿಕೊಂಡರು, ಮಣ್ಣಾದದ್ದೂ ವಾಷಿಂಗ್ಟನ್ನಿನಲ್ಲೇ.

ಅದೇ 1932ರ ಬೇಸಿಗೆಯಲ್ಲಿ ಮಹಾಯುದ್ಧದ ಮಾಜಿ ಸೈನಿಕರು ಸಾವಿರಾರು ಸಂಖ್ಯೆಯಲ್ಲಿ, ಕೆಲಸವಿಲ್ಲದೆ, ತಮಗೆ ಭರವಸೆ ಕೊಟ್ಟಿದ್ದ ಬೋನಸ್ ಹಣವನ್ನು ಕೂಡಲೇ ಕೊಡಿರೆಂದು ಕೇಳಲು ವಾಷಿಂಗ್ಟನ್ನಿಗೆ ಬಂದು ಗುಡಿಸಲು ಹಾಕಿಕೊಂಡರು. ಜುಲೈ 28ರಂದು ಅದೇ ಹೂವರ್ ಅವರ ಸರ್ಕಾರ ಸೈನ್ಯವನ್ನು ಕಳಿಸಿ ಅವರನ್ನು ಚೆದುರಿಸಿತು. ಆನಕೋಸ್ಟಿಯಾದ ಗುಡಿಸಲುಗಳು ಬೆಂಕಿಗೆ ಹೋದವು. ಸತ್ತ ಸೈನಿಕರಿಗೆ ಅಮೃತಶಿಲೆ ಮತ್ತು ಬದುಕಿದ ಸೈನಿಕರಿಗೆ ಅಶ್ರುವಾಯು, ಎರಡರ ನಡುವೆ ಒಂಬತ್ತು ತಿಂಗಳೂ ಕಳೆದಿರಲಿಲ್ಲ.

ಸಂಗೀತ ಹೊರಟುಹೋದ ಮೇಲೆ

ಉಪಯೋಗದ ಸ್ಮಾರಕಕ್ಕೆ ಇರುವ ಅಪಾಯ ಒಂದೇ: ಉಪಯೋಗ ತಪ್ಪಿದರೆ ಸ್ಮಾರಕವೂ ಕಣ್ಮರೆಯಾಗುತ್ತದೆ. ಬೇಡಿಕೆಯ ಗಾಳಿ ಬೇಗನೆ ತಿರುಗಿತು. 1935ರಲ್ಲಿ ಲಿಂಕನ್ ಸ್ಮಾರಕದ ಹಿಂದೆ ಪೊಟೋಮ್ಯಾಕ್ ನದಿಯಲ್ಲಿ ತೇಲುವ ದೋಣಿಯನ್ನೇ ವೇದಿಕೆಯಾಗಿಸಿ, ದಡದ ಮೆಟ್ಟಿಲುಗಳ ಮೇಲೆ ಸಾವಿರಾರು ಜನರನ್ನು ಕೂರಿಸುವ ಬೇಸಿಗೆಯ ಕಛೇರಿಗಳು ಶುರುವಾದವು. ಅದರ ಮುಂದೆ ತೋಪಿನ ನಡುವಿನ ಮಂಟಪ ಚಿಕ್ಕದಾಯಿತು. ಧ್ವನಿವರ್ಧಕ ಬಂದ ಮೇಲೆ ಕಲ್ಲಿನ ಗುಮ್ಮಟದ ಸಹಾಯ ಯಾರಿಗೂ ಬೇಕಾಗಲಿಲ್ಲ. 1941ರಲ್ಲಿ ನದಿಯಾಚೆ ವಿಮಾನ ನಿಲ್ದಾಣ ತೆರೆಯಿತು. ಜೆಟ್ ವಿಮಾನಗಳ ಅಬ್ಬರ ಎಷ್ಟಾಯಿತೆಂದರೆ ಆ ದೋಣಿಯ ಕಛೇರಿಗಳೇ 1965ರಲ್ಲಿ ನಿಂತವು. ಅಂಥ ಆಕಾಶದ ಕೆಳಗೆ ಬರಿಯ ಕೊಳಲು ಕಹಳೆಗಳ ಗತಿಯೇನು?

ಇತ್ತ ಸುತ್ತಮುತ್ತ ಹೊಸ ಸ್ಮಾರಕಗಳು ಏಳತೊಡಗಿದವು: 1982ರಲ್ಲಿ ವಿಯೆಟ್ನಾಂ, 1995ರಲ್ಲಿ ಕೊರಿಯಾ, 2004ರಲ್ಲಿ ಎರಡನೆಯ ಮಹಾಯುದ್ಧ. ಪ್ರವಾಸಿಗರು ಒಂದರಿಂದ ಇನ್ನೊಂದಕ್ಕೆ ಸಾಲಾಗಿ ನಡೆದು ಹೋಗುವಾಗ ನಡುವೆ ಮರಗಳ ಮರೆಯಲ್ಲಿದ್ದ ಈ ಮಂಟಪವನ್ನು ದಾಟಿ ಹೋದರು. ನೆರಳಿಗೆಂದು ಬೆಳೆಸಿದ ಮರಗಳೇ ಅದನ್ನು ಮುಚ್ಚಿದ್ದವು. ನೆರಳಿನಿಂದ ಕಲ್ಲು ಒಣಗುವುದು ತಡವಾಗಿ ಪಾಚಿ ಹಿಡಿಯುತ್ತದೆ. ನಗರದ ಗಾಳಿಯ ಗಂಧಕದ ಅಂಶ ಅಮೃತಶಿಲೆಯ ಸುಣ್ಣವನ್ನು ಜಿಪ್ಸಂ ಆಗಿಸುತ್ತದೆ. ಮಳೆ ಬೀಳುವಲ್ಲಿ ಅದು ಕರಗಿ ಹೋಗಿ ಮೇಲ್ಮೈ ಸಕ್ಕರೆಯಂತೆ ಉದುರಿದರೆ, ಮಳೆ ತಾಗದ ಮೂಲೆಗಳಲ್ಲಿ ಮಸಿಯನ್ನು ಹಿಡಿದುಕೊಂಡು ಕಪ್ಪು ಹೆಪ್ಪಾಗಿ ಕೂರುತ್ತದೆ. ಕೆಳಗೆ ನದಿಯ ಹೂಳಿನಿಂದ ಮಾಡಿದ ತಗ್ಗು ನೆಲ, ನೀರು ಸರಾಗವಾಗಿ ಹರಿದುಹೋಗದು. 2000ರ ದಶಕದ ಹೊತ್ತಿಗೆ ಕಲೆಗಟ್ಟಿದ ಗುಮ್ಮಟ, ಬಿರುಕುಬಿಟ್ಟ ಕಾಲುದಾರಿಗಳೊಂದಿಗೆ ನಿಂತಿದ್ದ ಮಂಟಪವನ್ನು ಅಲ್ಲಿನ ಪರಂಪರೆ ಸಂರಕ್ಷಣಾ ಸಂಸ್ಥೆ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ನಿರ್ವಹಣೆ ರಾಷ್ಟ್ರೀಯ ಉದ್ಯಾನ ಇಲಾಖೆಯದು. ಆ ಇಲಾಖೆಯ ಕಣ್ಣು ದೇಶದ ದೊಡ್ಡ ಸ್ಮಾರಕಗಳ ಮೇಲೆ. ಊರಿಗೆ ಆಸಕ್ತಿಯಿದ್ದರೂ ಅಧಿಕಾರವಿಲ್ಲ, ಅಧಿಕಾರವಿದ್ದವರಿಗೆ ಅದು ಆದ್ಯತೆಯಲ್ಲ.

ಹೆಸರಿನ ಜಗಳ

2008ರಲ್ಲಿ ಫ್ರಾಂಕ್ ಬಕಲ್ಸ್ ಎಂಬ ಶತಾಯುಷಿ ಗಾಲಿಕುರ್ಚಿಯಲ್ಲಿ ಆ ತೋಪಿಗೆ ಬಂದರು. ಹದಿನಾರನೆಯ ವಯಸ್ಸಿನಲ್ಲಿ ವಯಸ್ಸು ಮುಚ್ಚಿಟ್ಟು ಸೈನ್ಯ ಸೇರಿದ್ದ ಅವರು ಮೊದಲನೆಯ ಮಹಾಯುದ್ಧದ ಅಮೆರಿಕನ್ ಸೈನಿಕರಲ್ಲಿ ಬದುಕುಳಿದ ಕೊನೆಯವರು. ಇತರ ಯುದ್ಧಗಳಿಗೆಲ್ಲ ಇಲ್ಲಿ ರಾಷ್ಟ್ರೀಯ ಸ್ಮಾರಕಗಳಿರುವಾಗ ತಮ್ಮ ಯುದ್ಧಕ್ಕಿರುವುದು ಒಂದು ಊರಿನ, ಅದೂ ಪಾಳುಬೀಳುತ್ತಿರುವ ಮಂಟಪ ಮಾತ್ರ ಎಂಬುದು ಅವರಿಗೂ ಅವರ ಜೊತೆಗಿದ್ದವರಿಗೂ ನೋವಾಯಿತು. ಅಲ್ಲಿಂದ ಹುಟ್ಟಿದ ಬೇಡಿಕೆ, ಇದನ್ನೇ ದುರಸ್ತಿ ಮಾಡಿ ಊರಿನ ಜೊತೆಗೆ ದೇಶದ ಸ್ಮಾರಕವೆಂದೂ ಘೋಷಿಸಬೇಕು ಎಂಬುದು. ಟೆಕ್ಸಸ್ಸಿನ ಪ್ರತಿನಿಧಿ ಟೆಡ್ ಪೋ ಆ ಉದ್ದೇಶದ ಮಸೂದೆಯನ್ನು ಬಕಲ್ಸರ ಹೆಸರಿನಲ್ಲೇ ಮಂಡಿಸಿದರು. ಈ ದಾರಿ ಹಿಡಿಯಲು ಕಾನೂನಿನ ಕಾರಣವೂ ಇತ್ತು. 2003ರಲ್ಲಿ ಕಾಂಗ್ರೆಸ್ಸು, ಈ ಸ್ಮಾರಕಗಳೆಲ್ಲ ಇರುವ ನ್ಯಾಷನಲ್ ಮಾಲ್ ಎಂಬ ಬಯಲಿನ ಮಧ್ಯಭಾಗ ಪೂರ್ಣಗೊಂಡಿದೆ, ಇನ್ನು ಅಲ್ಲಿ ಹೊಸ ಸ್ಮಾರಕ ಕೂಡದು ಎಂದು ತೀರ್ಮಾನಿಸಿತ್ತು. ಹೊಸದನ್ನು ಕಟ್ಟಲಾಗದ ಕಡೆ ಹಳೆಯದಕ್ಕೆ ಹೊಸ ಹೆಸರಿಡುವುದೇ ಸುಲಭವೆಂದು ತೋರಿತು.

ಊರು ಒಪ್ಪಲಿಲ್ಲ. ಕಾಂಗ್ರೆಸ್ಸಿನಲ್ಲಿ ಮಾತಾಡಬಲ್ಲ, ಆದರೆ ಕಾನೂನಿನ ಅಂತಿಮ ಮತದಾನದಲ್ಲಿ ಪಾಲ್ಗೊಳ್ಳಲಾರದ ಡಿಸ್ಟ್ರಿಕ್ಟಿನ ಪ್ರತಿನಿಧಿ ಎಲಿನಾರ್ ಹೋಮ್ಸ್ ನಾರ್ಟನ್ ಇದನ್ನು ಗಟ್ಟಿಯಾಗಿ ವಿರೋಧಿಸಿದರು. ಊರಿನವರು ತಮ್ಮ ದುಡ್ಡಿನಿಂದ ತಮ್ಮವರಿಗೆ ಕಟ್ಟಿದ್ದನ್ನು ದೇಶ ತನ್ನದೆನ್ನಬಾರದು ಎಂಬುದು ವಾದದ ತಿರುಳು. ನನಗೆ ಬಕಲ್ಸರ ಕೊರಗಿನಲ್ಲಿ ತಪ್ಪು ಕಾಣುವುದಿಲ್ಲ, ಪರಿಹಾರದಲ್ಲಿ ಕಾಣುತ್ತದೆ. ಯುದ್ಧಕ್ಕೆ ಕಳಿಸುವಾಗ ಮತ ಕೇಳದ ಸಭೆ, ಸ್ಮಾರಕ ಕಟ್ಟಲು ಅಪ್ಪಣೆ ಬೇಡುವಂತೆ ಮಾಡಿದ ಸಭೆ, ಎಂಬತ್ತು ವರ್ಷದ ಮೇಲೆ ಅದರ ಹೆಸರನ್ನೂ ಹಂಚಿಕೊಳ್ಳಿ ಎಂದರೆ ಊರಿಗೆ ಹೇಗನಿಸಬೇಕು? ದೇಶದಲ್ಲಿ ಇನ್ನೆಲ್ಲಿಯೂ ಒಂದು ಊರಿನ ಯುದ್ಧಸ್ಮಾರಕದ ಬಗ್ಗೆ ಇಂಥ ಪ್ರಸ್ತಾಪ ಇಷ್ಟು ಹಗುರವಾಗಿ ಬರುತ್ತಿರಲಿಲ್ಲ. ಜಗಳಕ್ಕೆ ಮೂರನೆಯ ಪಕ್ಷವೂ ಇತ್ತು: 1926ರಲ್ಲೇ ತನ್ನ ಭಾರಿ ಲಿಬರ್ಟಿ ಸ್ಮಾರಕವನ್ನು ಲೋಕಾರ್ಪಣೆ ಮಾಡಿದ್ದ ಕಾನ್ಸಸ್ ಸಿಟಿ, ರಾಷ್ಟ್ರೀಯ ಪಟ್ಟ ತನಗೇ ಸಲ್ಲಬೇಕೆಂದಿತು. ವಾದ ನಡೆಯುತ್ತಿರುವಾಗಲೇ, 2011ರ ಫೆಬ್ರವರಿ 27ರಂದು ಬಕಲ್ಸ್ 110ನೆಯ ವಯಸ್ಸಿನಲ್ಲಿ ತೀರಿಕೊಂಡರು.

ದುರಸ್ತಿಗೆ ಹಣ ಈ ಜಗಳದ ಹೊರಗಿನಿಂದ ಬಂತು. 2008ರ ಆರ್ಥಿಕ ಕುಸಿತದ ನಂತರ ಉದ್ಯೋಗ ಸೃಷ್ಟಿಗೆಂದು ಸರ್ಕಾರ ಬಿಡುಗಡೆ ಮಾಡಿದ ನಿಧಿಯಿಂದ 36 ಲಕ್ಷ ಡಾಲರ್ ಮಂಟಪದ ಪಾಲಿಗೆ ದೊರೆಯಿತು. 2010ರ ಅಕ್ಟೋಬರಿನಲ್ಲಿ ಕೆಲಸ ಆರಂಭವಾಗಿ, ಕಲ್ಲು ತೊಳೆದು, ಬಿರುಕು ತುಂಬಿ, ನೀರು ಹರಿಯುವ ವ್ಯವಸ್ಥೆ ಸರಿಪಡಿಸಿ, ದೀಪ ಹಾಕಿ, ಸುತ್ತಲಿನ ಗಿಡಮರಗಳನ್ನು ಹದಕ್ಕೆ ತಂದರು. ಮತ್ತೆ ಬ್ಯಾಂಡು ಕೂರಲು, ಜನ ಸೇರಲು ಆಗುವಂತೆ ಆವರಣವನ್ನು ಸಜ್ಜುಗೊಳಿಸುವುದೂ ಗುರಿಗಳಲ್ಲಿ ಸೇರಿತ್ತು. 2011ರ ನವೆಂಬರ್ 10ರಂದು, ಎಂಬತ್ತು ವರ್ಷ ತುಂಬುವ ಹಿಂದಿನ ದಿನ, ಮಂಟಪ ಮತ್ತೆ ತೆರೆಯಿತು. 1924ರಲ್ಲಿ ಊರಿನ ವಂತಿಗೆಯಿಂದ ಹೊರಟ ಕೆಲಸ 2011ರಲ್ಲಿ ದೇಶದ ತೆರಿಗೆ ಹಣದಿಂದ ಉಳಿಯಿತೆಂಬುದನ್ನು ರಾಷ್ಟ್ರೀಯ ಪಟ್ಟದ ಪರವಾಗಿದ್ದವರು ಎತ್ತಿ ತೋರಿಸಬಹುದಿತ್ತು. ಆ ನೆಲ ಸರ್ಕಾರದ್ದೇ ಆಗಿರುವಾಗ ಅದರ ಮೇಲಿನ ಕಟ್ಟಡವನ್ನು ನೋಡಿಕೊಳ್ಳುವುದು ಉಪಕಾರವಲ್ಲ, ಕರ್ತವ್ಯ ಎಂಬುದು ನನ್ನ ಎಣಿಕೆ.

ಕೊನೆಗೆ 2014ರ ಡಿಸೆಂಬರಿನ ಕಾನೂನು ಹೊಸ ದಾರಿ ಕಂಡಿತು. ಕಾನ್ಸಸ್ ಸಿಟಿಯ ಸ್ಮಾರಕಕ್ಕೂ ಶ್ವೇತಭವನದ ಹತ್ತಿರದ ಪರ್ಷಿಂಗ್ ಪಾರ್ಕಿಗೂ ರಾಷ್ಟ್ರೀಯ ಮನ್ನಣೆ ಸಿಕ್ಕಿತು. ಊರಿನ ಮಂಟಪ ಊರಿನ ಹೆಸರಿನಲ್ಲೇ ಉಳಿಯಿತು. ಪರ್ಷಿಂಗ್ ಪಾರ್ಕಿನ ಹೊಸ ಸ್ಮಾರಕದಲ್ಲಿ 2021ರ ಏಪ್ರಿಲ್ 16ರಂದು ಮೊದಲ ಧ್ವಜ ಏರಿತು. 38 ಆಕೃತಿಗಳ, 58 ಅಡಿ ಉದ್ದದ ಕಂಚಿನ ಶಿಲ್ಪ 2024ರ ಸೆಪ್ಟೆಂಬರಿನಲ್ಲಿ ಅನಾವರಣಗೊಂಡಿತು. ಅಲ್ಲಿ ಪ್ರತಿ ಸಂಜೆ ಐದು ಗಂಟೆಗೆ ಒಬ್ಬ ಕಹಳೆಗಾರ ಬಂದು, ಸೈನಿಕರ ಅಂತ್ಯಕ್ರಿಯೆಯಲ್ಲಿ ನುಡಿಸುವ ಇಪ್ಪತ್ತನಾಲ್ಕು ಸ್ವರಗಳ ಧಾಟಿಯನ್ನು ಊದಿ ಹೋಗುತ್ತಾನೆ. ಅಲ್ಲಿಂದ ಒಂದೂವರೆ ಕಿಲೋಮೀಟರಿಗಿಂತ ಕಡಿಮೆ ದೂರದಲ್ಲಿ, ಎಂಬತ್ತು ವಾದ್ಯಗಾರರಿಗೆಂದು ಅಳೆದು ಕಟ್ಟಿದ ಜಗತಿಯ ಮೇಲೆ ಹೆಚ್ಚಿನ ಸಂಜೆಗಳಲ್ಲಿ ಯಾರೂ ಇರುವುದಿಲ್ಲ. ಅದರ ಸುತ್ತ, ಬಗ್ಗಿದರೆ ಓದಲು ಸಿಗುವ ಎತ್ತರದಲ್ಲಿ, 499 ಹೆಸರುಗಳಿವೆ.